ಡಬ್ಬಿಯೊಳಗಿನ ಪರೀಕ್ಷೆ

ಸರಿ ಉತ್ತರ ಬರೆದವರಿಗೆ ಸೊನ್ನೆ ಕೊಡೋ ಮಾಸ್ತರನ್ನ ನೀವು ಕಂಡೀರೇನು? ನಾ ಕಂಡೀನ್ರಿ. ನಮ್ಮ ಸೋದರಮಾವ! ಸಿಂಧನೂರಿನ ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತಿದ್ದ. ಊರ ಮಂದಿ ತಲಿ ಕೆಟ್ಟ ಮಾಸ್ತರ ಅಂತಿದ್ರು. ಅಂದ್ರ ಅನ್ನಲಿ, ಅವ ನಮ್ಮ ಮಾವ ಅಂತ ನಾ ಈಗಲೂ ಎದಿ ಉಬ್ಬಿಸಿ ಹೇಳ್ತೀನಿ.

ಆ ಸೊನ್ನೆ ತಗೊಂಡಾಕಿ ನಾನೇ. ಮಾವನ ಕ್ಲಾಸಿನ ಪರೀಕ್ಷೆಯಾಗ, ಬೀಳೋ ನೀರಿನ ರಭಸದಿಂದ ಕರೆಂಟ್ ಹುಟ್ಟತೈತಿ, ನೀರು ಹಂಗೇ ಉಳೀತೈತಿ ಅಂತ ಪುಸ್ತಕದಾಗಿದ್ದಂಗ ಅಕ್ಷರ ತಪ್ಪದೆ ಬರೆದು ಹತ್ತಕ್ಕ ಹತ್ತು ತಗೊಂಡಿದ್ದೆ. ಅವತ್ತೇ ಸಂಜಿಗೆ ಮಾವ ಜವಳಗೇರಾಕ್ಕ, ನಮ್ಮನಿಗೆ ಬಂದ. ಆಗಿನ್ನೂ ಕಾಲುವಿ ಹೊಸದು. ಸುತ್ತಲಿನವರೆಲ್ಲ ನೀರು ಹಾಯಿಸಿಕೊಂಡಿದ್ರು, ಅಪ್ಪ ಮಾತ್ರ ಒಲ್ಲೆ ಅಂತಿದ್ದ. ಡ್ಯಾಮಿನಾಗ ಕರೆಂಟ್ ಹಿಂಡಿಕೊಂಡು ಬಿಟ್ಟ ನೀರಿನಾಗ ಸತ್ವ ಎಲ್ಲಿರತೈತಿ ಅನ್ನೋದು ಅವನ ವಾದ. ಅವ್ವ ನೆರೆಹೊಲದ ಹಸರು ನೋಡಿ ನೋಡಿ ಕಣ್ಣೀರು ಹಾಕ್ತಿದ್ಲು. ಅವತ್ತೂ ಅಪ್ಪ ಅದನ್ನೇ ಅಂದ. ನಾನೂ ಹೌದೌದು ಅಂತ ಗೋಣು ಹಾಕಿದೆ!

ಮಾವ ನನ್ನ ಪೇಪರ್ ತರಿಸಿ, ಹತ್ತನ್ನ ಹೊಡೆದು, ಕೆಂಪು ಪೆನ್ಸಿಲಿನಿಂದ ಸೊನ್ನೆ ಬರೆದ.

"ಇದು ನಿನ್ನ ಕೈಗೆ ಗೊತ್ತೈತಿ ಬೇ, ನಿನಗ ಗೊತ್ತಿಲ್ಲ."

ಮರುದಿನದಿಂದ ಕ್ಲಾಸಿನಾಗ ಪೇಪರ್ ಪರೀಕ್ಷೆ ಬಂದ್. ಒಬ್ಬೊಬ್ಬರಿಗೆ ಎರಡು ಡಬ್ಬಿ, ಎರಡರಾಗೂ ಜೋಳದ ಬೀಜ. ಒಂದೇ ಕೊಡದ ನೀರು. ಒಂದು ಡಬ್ಬಿಗೆ ಹಂಗೇ ಹಾಕಬೇಕು. ಇನ್ನೊಂದಕ್ಕ, ಡ್ಯಾಮಿನಾಗಿನಂಗ ತಗಡಿನ ಚಕ್ರದ ಮ್ಯಾಲ ಸುರಿದು, ಅದನ್ನ ಗರಗರ ತಿರುಗಿಸಿ ಕೆಳಗ ಬಿದ್ದ ನೀರು. ಯಾವುದು ಚಲೋ ಬೆಳೀತೈತಿ ಅಂತ ಮೊದಲೇ ಹೇಳಬೇಕು. ತಪ್ಪಾದ್ರ ಚಿಂತಿಲ್ಲ, ಯಾಕ ಹಂಗ ತಿಳಿದಿದ್ದೆ ಅಂತ ಬಿಡಿಸಿ ಹೇಳಿದ್ರ ಪಾಸು! ಒಬ್ಬನ ಎರಡೂ ಡಬ್ಬಿ ಆಡು ಮೇಯ್ದು ಹೋತು. ಹೆಡ್‌ಮಾಸ್ತರು ಉತ್ತರ ಪತ್ರಿಕೆ ಕೇಳಿದ್ರ ಮಾವ ಆಡು ತೋರಿಸಿದ.

ನನ್ನ ಡಬ್ಬಿ ಮನಿ ಕಟ್ಟಿ ಮ್ಯಾಲಿದ್ವು. ಅಪ್ಪ ದಿನಾ ನಗ್ತಿದ್ದ. ಒಂದಿನ ಮುಂಜಾನೆ ನೋಡ್ತೀನಿ, ಅಪ್ಪ ಕುಕ್ಕರಗಾಲಿಲೆ ಕುಂತು ಗೇಣು ಹಾಕಿ ಸಸಿ ಅಳಿಯಾಕತ್ತಾನ! ಎರಡೂ ಸಮ ಇದ್ವು.

"ಚಕ್ರದ ನೀರಿಂದು ಯಾವುದವ್ವಾ?" ಅಂದ.

ತೋರಿಸಿದೆ. ಮತ್ತೊಮ್ಮೆ ಅಳೆದ. ಸಲಿಕಿ ಹೆಗಲಿಗಿಟ್ಟುಕೊಂಡು ಕಾಲುವಿ ಕಡೆ ಹೋದ. ಆ ಹಂಗಾಮಿಗೆ ನಾವೂ ನೆಲ್ಲು ಹಚ್ಚಿದ್ವಿ.

ನನ್ನ ಮಾರ್ಕ್ಸ್ ಎಷ್ಟು ಅಂತ ಮಾವ ಎಂದೂ ಹೇಳಲಿಲ್ಲ. ಅವ ತೀರಿಕೊಂಡ ಮ್ಯಾಲ ಟ್ರಂಕಿನಾಗ ಅವನ ಮಾರ್ಕ್ಸ್ ರಿಜಿಸ್ಟರ್ ಸಿಕ್ತು. ನನ್ನ ಹೆಸರಿನ ಮುಂದ ಅದೇ ಕೆಂಪು ಪೆನ್ಸಿಲಿನಾಗ ಬರೆದಿದ್ದ: "ಈಕಿ ಪಾಸು. ಈಕಿ ಅಪ್ಪಾನೂ ಪಾಸು." ಅಲ್ಲೇ ಕುಂತು ಗಳಗಳ ಅತ್ತುಬಿಟ್ಟೆ.