ಹಲಗೆಯ ತುದಿ ತಿನ್ನುವ ಪ್ಲೇನರ್ ಮಹಾಶಯರಿಗೆ

ಮಾನ್ಯರೇ,

ಒರಟು ಹಲಗೆಯನ್ನು ಹೆರೆದು ನುಣುಪು ಮಾಡಿಕೊಡುವೆನೆಂಬ ಹೆಸರು ಹೊತ್ತು ನಮ್ಮ ಮನೆ ಹೊಕ್ಕು, ಹಿತ್ತಲ ಶೆಡ್ಡಿನಲ್ಲಿ ಕಿಟಕಿ ಪಕ್ಕದ ಒಳ್ಳೆಯ ಜಾಗದಲ್ಲೇ ಬಿಜಯಂಗೈದಿರುವ ತಮ್ಮ ಘನ ಸನ್ನಿಧಾನಕ್ಕೆ, ಮೈತುಂಬ ಮರದ ಹೊಟ್ಟು ಮೆತ್ತಿಕೊಂಡು ನಿಂತಿರುವ ಈ ಬಡಪಾಯಿ ಮಾಲೀಕನ ಸಾದರ ಪ್ರಣಾಮಗಳು. ತಮ್ಮ ಹೊಟ್ಟೆ ತಣ್ಣಗಿದೆಯೆಂದು ಭಾವಿಸುತ್ತೇನೆ; ತಿಂದದ್ದೇನು ಕಡಿಮೆಯೇ?

ನನ್ನ ಹೆಂಡತಿಯ ತಾಯಿಗೆ ಮಂಡಿಯ ಆಪರೇಷನ್ ಆಗಿರುವುದು ತಮಗೆ ತಿಳಿಯದ ವಿಷಯವಲ್ಲ. ತಗ್ಗಿನ ಆಸನ ಕೂಡದು, ಎತ್ತರದ ಬೆಂಚು ಬೇಕೆಂದು ಡಾಕ್ಟರು ಹೇಳಿದಾಗ, ಅಂಗಡಿಯಿಂದ ತರೋಣವೆಂದ ಹೆಂಡತಿಯನ್ನು ತಡೆದು, ಮನೆಯಲ್ಲಿ ಮೆಷಿನ್ ಇಟ್ಟುಕೊಂಡು ಅಂಗಡಿಗೆ ಹೋಗುವುದೇ ಎಂದು ಎದೆ ತಟ್ಟಿಕೊಂಡವನು ನಾನು. ಅಂದಿನಿಂದ ಅತ್ತೆಯವರು ದಿಂಬು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಜಾರದಂತೆ ಗೋಡೆ ಹಿಡಿದು ಕೂತಿದ್ದಾರೆ. ಏಳುವಾಗಿನ ಅವರ ನರಳಿಕೆ ಶೆಡ್ಡಿನವರೆಗೂ ಕೇಳಿಸಿ ನನ್ನ ಕರುಳು ಚುರುಕ್ಕೆನ್ನುತ್ತದೆ. ತಮಗೆ ಕರುಳಿನ ಜಾಗದಲ್ಲಿ ಬೆಲ್ಟಿರುವುದರಿಂದ ಆ ತೊಂದರೆಯಿಲ್ಲ.

ತಮ್ಮ ಬಾಯಿಗೆ ಕೊಟ್ಟ ಹಲಗೆ ಉದ್ದಕ್ಕೂ ಕನ್ನಡಿಯಂತೆ ಹೊರಬಂದು, ಕೊನೆಯ ಗೇಣಿನಲ್ಲಿ ಮಾತ್ರ ಇಲಿ ಕೆರೆದಂತೆ ತಗ್ಗಾಗುವುದೇತಕ್ಕೆ? ಬ್ಲೇಡು ಬದಲಿಸಿದೆ, ಬೆಲ್ಟು ಬಿಗಿಮಾಡಿದೆ, ರೋಲರಿನ ಅಂಟು ಒರೆಸಿದೆ, ತಳಕ್ಕೆ ಮೇಣ ತಿಕ್ಕಿದೆ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ತಗ್ಗಾದ ತುದಿ ಕತ್ತರಿಸಿ ಮತ್ತೆ ಕೊಟ್ಟೆ, ತಾವು ಮತ್ತೆ ತಿಂದಿರಿ. ಹೀಗೆ ಮೂವರ ಬೆಂಚು ಇಬ್ಬರದಾಗಿ, ಸ್ಟೂಲಾಗಿ, ಕೊನೆಗೆ ತರಕಾರಿ ಹೆಚ್ಚುವ ಮಣೆಯಾಗಿ ಅಡುಗೆಮನೆ ಸೇರಿತು. “ಮುಂದಿನ ಸಲ ಹಲ್ಲುಕಡ್ಡೀನಾ?” ಎಂದು ಹೆಂಡತಿ ವಿಚಾರಿಸಿದ್ದಾಳೆ. ತಮ್ಮ ಈ ಕೌಶಲಕ್ಕೊಂದು ಸನ್ಮಾನಪತ್ರ ಬರೆಸುತ್ತಿದ್ದೇನೆ, ದಯಮಾಡಿ ಅದರ ಕೊನೆಯ ಸಾಲನ್ನು ತಿನ್ನಬಾರದು. ಅದೂ ಆಗದಿದ್ದರೆ, ತುದಿಯೇ ಇಲ್ಲದ ಹಲಗೆ ಕೊಡುವ ಮರ ಎಲ್ಲಿ ಬೆಳೆಯುತ್ತದೆಂದಾದರೂ ತಿಳಿಸಿ ಉಪಕರಿಸಬೇಕು.

ನಿನ್ನೆ ಉಳಿದದ್ದು ಒಂದೇ ಹಲಗೆ. ನನ್ನ ಬೈಗುಳ ಕೇಳಲಾರದೆ ಅತ್ತೆಯವರು ಕೋಲೂರಿಕೊಂಡು ಬಂದರು. ಜೀವಮಾನವೆಲ್ಲ ಹೊಲಿಗೆ ಮೆಷಿನ್ ತುಳಿದವರು. “ಅಳಿಯಂದ್ರೇ, ಬಟ್ಟೆ ಹೊರಗೆ ಬರೋ ಕಡೆ ಹಿಡೀದಿದ್ರೆ ಜೋತು ಬೀಳಲ್ವಾ? ಮರಕ್ಕೆ ಭಾರ ಇಲ್ವಾ?” ಎಂದು ಆ ಬದಿಯಲ್ಲಿ ನಿಂತು, ಹೊರಬಂದ ಹಲಗೆಯನ್ನು ಅಂಗೈಯಲ್ಲಿ ತುಸು ಎತ್ತಿ ಹಿಡಿದರು. ಹೊರಬಂದ ಮುಂದಿನ ತುದಿ ಜೋತುಬಿದ್ದಾಗ ಒಳಗಿನ ಹಿಂದಿನ ತುದಿ ಮೇಲೆದ್ದು ಬ್ಲೇಡಿಗೆ ಸಿಕ್ಕುತ್ತಿತ್ತಂತೆ. ಹಲಗೆ ತುದಿಯವರೆಗೂ ನುಣ್ಣಗೆ ಬಂತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಬಾಗಿಲಲ್ಲಿ ನಿಂತ ಹೆಂಡತಿ ಗಾಳಿಗೆ ಹೇಳಿದಳು. ಇಷ್ಟು ದಿನ ಮೈಕೈ ಒರೆಸಿ ಎಣ್ಣೆ ಹಾಕಿ ಸಾಕಿದವನು ನಾನು, ಒಂದು ಅಂಗೈಗೆ ಸೋತವರು ತಾವು! ನಾಚಿಕೆಯಾಗಬೇಕು. ಈ ಪಕ್ಷಪಾತಕ್ಕೆ ವಿವರಣೆ ಕೋರುತ್ತೇನೆ.

ಮತ್ತೆ ಮತ್ತೆ ಮೋಸಹೋದರೂ ಬುದ್ಧಿ ಕಲಿಯದ,
ತಮ್ಮ ವಿಶ್ವಾಸಿ,
ಹಿತ್ತಲ ಶೆಡ್ಡಿನ ಮಾಲೀಕ (ನಿನ್ನೆಯವರೆಗೆ)

ತಾ.ಕ.: ಬೆಂಚು ಸಿದ್ಧವಾಗಿದೆ. ಅತ್ತೆಯವರು ಅದರಿಂದ ಯಾರ ಕೈಯೂ ಹಿಡಿಯದೆ, ನರಳದೆ ಎದ್ದು ನಿಂತರು. ನನ್ನ ಕಣ್ಣು ತುಂಬಿತು, ಹೊಟ್ಟು ಬಿತ್ತೆಂದು ಹೇಳಿದೆ. ಆದರೆ ಬೆಂಚು ಪಡಸಾಲೆಗೆ ಬೇಡವಂತೆ, ಶೆಡ್ಡಿನಲ್ಲಿ ತಮ್ಮೆದುರಿಗೇ ಇರಬೇಕಂತೆ, ಇನ್ನು ಯಾವ ಹಲಗೆ ಹೆರೆಯುವುದಿದ್ದರೂ ಅವರನ್ನು ಕರೆದೇ ಹೆರೆಯಬೇಕಂತೆ. ತಾವು ಇನ್ನಾದರೂ ನೆಟ್ಟಗಿರಿ. ನನ್ನ ಬೈಗುಳ ತಿಂದು ಅರಗಿಸಿಕೊಂಡಿರಿ, ಅವರದು ಅರಗುವುದಿಲ್ಲ.