ಸೀಗೆಪುಡಿಯೂ ಕ್ಲಾರಿನೆಟ್ಟೂ

ಸಂಗೀತದ ಹುಚ್ಚು ಹಿಡಿದವರ ಸಹವಾಸವೇ ಬೇಡ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗಂತ ತೀರ್ಮಾನ ಮಾಡಿದರೆ ಮೊದಲು ನನ್ನನ್ನು ನಾನೇ ಮನೆಯಿಂದ ಹೊರಗೆ ಹಾಕಬೇಕಾಗುತ್ತದೆ. ಕುಡುಕರು ಎಷ್ಟೋ ವಾಸಿ. ತಮಗಿದ್ದುದರಲ್ಲೇ ಪಕ್ಕದವನಿಗೂ ಒಂದು ಗುಟುಕು ಕೊಡುತ್ತಾರೆ. ನಮ್ಮವರು ಹಾಗಲ್ಲ. ತಮ್ಮ ಹತ್ತಿರ ಇರುವುದು ಇನ್ನೊಬ್ಬನ ಹತ್ತಿರ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರಿಗೆ ಅದರ ರುಚಿ ಹತ್ತುವುದು. ತೊಂಬತ್ತರ ದಶಕದಲ್ಲಿ ಇಂಥ ಮೂವರು, ಭಾನುವಾರ ಬಂತೆಂದರೆ ಪಾಂಡವಪುರದ ನನ್ನ ಬಾಡಿಗೆ ಮನೆಯ ನಡುಮನೆಯಲ್ಲಿ ಸೇರುತ್ತಿದ್ದೆವು. ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಶಿವಣ್ಣ, ರೇಡಿಯೋ, ಕ್ಯಾಸೆಟ್ ರೆಕಾರ್ಡರು ಎರಡೂ ಆಗಿದ್ದ ತನ್ನ ಟೂ-ಇನ್-ಒನ್ನನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಶ್ರೀರಂಗಪಟ್ಟಣದ ಬಾಬು ಮದುವೆ, ಮುಂಜಿ, ಚುನಾವಣೆಗಳಿಗೆ ಮೈಕ್ ಸೆಟ್ ಹಾಕುವವನು. ಗಂಟಲು ಹರಿಯುವ ಸ್ಪೀಕರುಗಳ ಪಕ್ಕ ಕೂತು ಕೂತು ಅವನ ಕಿವಿ ಅರ್ಧ ಹೋಗಿತ್ತು. ಮೂರನೆಯವನು ನಾನು, ಸರ್ಕಾರಿ ಕಚೇರಿಯೊಂದರ ಗುಮಾಸ್ತ.

ಒಮ್ಮೆ ಬೆಂಗಳೂರಿನಿಂದ ನಮ್ಮ ಕಚೇರಿಗೆ ವರ್ಗವಾಗಿ ಬಂದ ಎಳೆಯ ಇಂಜಿನಿಯರ್ ಒಬ್ಬ, ಕಿವಿಗೆ ಸದಾ ವಾಕ್‌ಮನ್ ಸಿಕ್ಕಿಸಿಕೊಂಡಿರುತ್ತಿದ್ದವನು, ನಮ್ಮ ಹುಚ್ಚಿನ ಸುದ್ದಿ ಕೇಳಿ ಭಾನುವಾರ ಮನೆಗೇ ಬಂದುಬಿಟ್ಟ. ಕಾಫಿ ಕುಡಿಯುತ್ತಾ, "ನಿಮಗೆಲ್ಲ ಯಾವ ಬ್ಯಾಂಡ್ ಇಷ್ಟ ಸಾರ್?" ಎಂದ. ಶಿವಣ್ಣ ತನ್ನ ಸೆಟ್ಟಿನ ಮೇಲೆ ಕೈಯಿಟ್ಟು, "ನಮ್ದು ಮೂರು ಬ್ಯಾಂಡಿಂದು ಸಾ. ಆದ್ರೆ ಮೀಡಿಯಂ ವೇವ್ ಬುಟ್ರೆ ಬ್ಯಾರೇದು ಇಡಿಯಾಕಿಲ್ಲ" ಎಂದ. ಬಾಬು ಸುತ್ತಮುತ್ತಲಿನ ಬ್ಯಾಂಡ್ ಸೆಟ್ಟುಗಳಲ್ಲಿ ಯಾರ ಡ್ರಮ್ಮು ಚೆನ್ನ, ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂದೆಲ್ಲ ವಿವರಿಸಿ, "ಶಾದಿ ಯಾವಾಗ ಸಾಬ್?" ಎಂದು ಕೇಳಿಯೇಬಿಟ್ಟ. ಆ ಹುಡುಗ ಮತ್ತೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅವನು ಕೇಳಿದ್ದು ಗಿಟಾರು ಹಿಡಿದು ಕೂಗುವ ಪರದೇಶದ ತಂಡಗಳ ವಿಚಾರ ಎಂದು ನನಗೆ ಗೊತ್ತಿತ್ತು. ಆದರೂ ತಿದ್ದಲು ಹೋಗಲಿಲ್ಲ. ನನ್ನನ್ನು ಕೇಳಿದ್ದರೆ ನನ್ನ ಉತ್ತರವೂ ಮದುವೆ ಮನೆಯ ಒಂದು ಬ್ಯಾಂಡ್ ಸೆಟ್ಟೇ ಆಗಿರುತ್ತಿತ್ತು.

ಆ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು ಚೆಲುವಯ್ಯ. ನಾನು ಅವನನ್ನು ನೋಡಿದವನಲ್ಲ. ನನ್ನ ಕಿವಿಗೆ ಬೀಳುವ ಹೊತ್ತಿಗೆ ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಬಾಬು ಕ್ಯಾಸೆಟ್ಟಿಗೆ ಬದಲಾದಾಗ ತನ್ನ ಅಪ್ಪನ ಕಾಲದ ಸ್ಪೂಲ್ ಟೇಪ್ ರೆಕಾರ್ಡರನ್ನು ನನಗೆ ದಾಟಿಸಿದ್ದ. ಅಕ್ಕಿ ಡಬ್ಬದಷ್ಟು ತೂಕ, ಮೇಲೆ ಎರಡು ಚಕ್ರ. ಒಂದು ಚಕ್ರದಿಂದ ಬಿಚ್ಚಿದ ಟೇಪು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತಾ ಹಾಡುತ್ತಿತ್ತು. ಜೊತೆಗೆ ಬಂದ ಸ್ಪೂಲುಗಳ ತುಂಬಾ ಸೋತವರ ಚುನಾವಣಾ ಭಾಷಣ. ಒಂದರಲ್ಲಿ ಮಾತ್ರ ಚೆಲುವಯ್ಯನಿದ್ದ. ಹೊಸಹೊಳಲಿನ ಒಂದು ಮದುವೆಯಲ್ಲಿ ಗಂಡಿನ ಕಡೆಯವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಕಾದು ಕಾದು ಬೇಸತ್ತ ಚೆಲುವಯ್ಯ ಯಾರೂ ಹೇಳದೆಯೇ ಒಬ್ಬನೇ ಊದಲು ಶುರು ಮಾಡಿದನಂತೆ. ಬಾಬುವಿನ ಅಪ್ಪ ಮೈಕನ್ನು ಅತ್ತ ತಿರುಗಿಸಿ ಬಟನ್ ಒತ್ತಿದ್ದಾರೆ. ಯಾವುದೋ ಸಿನಿಮಾ ಹಾಡಿನಿಂದ ಹೊರಟ ಮನುಷ್ಯ ಸ್ವಲ್ಪ ಹೊತ್ತಿಗೆ ಹಾಡನ್ನೂ ಮದುವೆಯನ್ನೂ ಮರೆತು ಎಲ್ಲಿಗೋ ಹೋಗಿಬಿಡುತ್ತಾನೆ. ಬಸ್ಸು ಬಂತು ಎಂದು ಯಾರೋ ಕೂಗುವವರೆಗೂ ಅವನು ವಾಪಸು ಬರುವುದಿಲ್ಲ. ಅದನ್ನು ಮೊದಲು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಚೆಲುವಯ್ಯ ಈ ಲೋಕದಲ್ಲಿ ಉಳಿದಿದ್ದದ್ದು ಆ ಒಂದು ಸ್ಪೂಲಿನಲ್ಲಿ ಮಾತ್ರ.

ಶಿವಣ್ಣ ಬಂದಾಗಲೆಲ್ಲ ಅದರ ಕಾಪಿ ಕೇಳುತ್ತಿದ್ದ. "ಒಂದೇ ಒಂದ್ಸಲ ನಮ್ ಸೆಟ್ಗೆ ಇಳಿಸ್ಕಂತೀನಿ ಕಣ್ಲಾ ಕೃಷ್ಣ, ನಿಂದೇನ್ಲಾ ಸವದೋಯ್ತದೆ?" ಎನ್ನುತ್ತಿದ್ದ. ಕಾಪಿ ಮಾಡಿದರೆ ಧ್ವನಿ ಕೆಡುತ್ತದೆ, ಹೆಡ್ಡು ಸವೆಯುತ್ತದೆ ಎಂದು ನಾನು ಬಾಯಿಗೆ ಬಂದ ಶಾಸ್ತ್ರ ಹೇಳುತ್ತಿದ್ದೆ. ಕೇಳಬೇಕೆನ್ನಿಸಿದರೆ ಬಸ್ಸು ಹತ್ತಿಕೊಂಡು ಬಾ ಎನ್ನುತ್ತಿದ್ದೆ. ಅವನು ಪಾಪ, ಬರುತ್ತಲೂ ಇದ್ದ.

ಹೊರಗಿನವರು ಬಸ್ಸು ಹತ್ತಿ ಬರುವ ಈ ವಸ್ತುವಿಗೆ ಮನೆಯೊಳಗೆ ಕವಡೆ ಕಿಮ್ಮತ್ತಿರಲಿಲ್ಲ. ನನ್ನ ಹೆಂಡತಿ ಜಯ ರೆಕಾರ್ಡರಿನ ಮೇಲೆ ಹಪ್ಪಳದ ಡಬ್ಬ ಇಡುತ್ತಿದ್ದಳು. ಆ ವರ್ಷ ದಸರೆಗೆಂದು ನಾಗಮಂಗಲದ ಕಡೆಯಿಂದ ನನ್ನ ಮಾವ ಬಂದಿದ್ದರು. ಹೊಲ, ದನ, ಡೇರಿ ಹಾಲು ಎಂದು ಜೀವ ತೇಯ್ದವರು. ಒಂದು ನಿಮಿಷ ಸುಮ್ಮನೆ ಕೂರುವ ಆಸಾಮಿಯಲ್ಲ. ಹಪ್ಪಳದ ಡಬ್ಬ ಕಂಡು ನನಗೆ ರೇಗಿತು. ಅವರ ಎದುರಿಗೇ, "ಈ ಮನೆಯಲ್ಲಿ ರುಬ್ಬುವ ಕಲ್ಲಿಗಿರುವ ಮರ್ಯಾದೆ ನನ್ನ ಟೇಪಿಗಿಲ್ಲ" ಎಂದು ಕೂಗಾಡಿದೆ. ಮಾವ ಡಬ್ಬವನ್ನು ಎತ್ತಿ ಕೆಳಗಿಟ್ಟರು. ಒಬ್ಬರಾದರೂ ಅರ್ಥ ಮಾಡಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು.

ಆಯುಧಪೂಜೆಗೆ ನಮ್ಮ ಸೀಮೆಯಲ್ಲಿ ನೀರು ಕಾಣದ ವಸ್ತುವೇ ಇರುವುದಿಲ್ಲ. ನೇಗಿಲು, ಟ್ರಾಕ್ಟರು, ತಕ್ಕಡಿ, ಹೊಲಿಗೆ ಮಿಷನ್ನು, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ನಾನು ಕಚೇರಿಯ ಪೂಜೆಗೆ ಹೋಗಿದ್ದೆ. ಅಲ್ಲಿ ಹೋದ ವರ್ಷ ಟೈಪ್‌ರೈಟರಿಗೆ ಬಳಿದ ಕುಂಕುಮದಿಂದ ಅಂಟಿಕೊಂಡಿದ್ದ ಅಕ್ಷರಗಳು ಇನ್ನೂ ಬಿಟ್ಟಿರಲಿಲ್ಲ. ಆದರೂ ನಗುತ್ತಾ ಕೈಮುಗಿದು ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಬಂದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ನುಗ್ಗೆ ಮರಕ್ಕೂ ಬಚ್ಚಲ ಗೋಡೆಗೂ ಕಟ್ಟಿದ ಹಗ್ಗದ ಮೇಲೆ, ನನ್ನ ಬನಿಯನ್ನುಗಳ ನಡುವೆ, ಸ್ಪೂಲಿನ ಟೇಪು ಕುಣಿಕೆ ಕುಣಿಕೆಯಾಗಿ ನೇತಾಡುತ್ತಿತ್ತು. ಗಾಳಿಗೆ ಹಾರದಿರಲಿ ಎಂದು ಕ್ಲಿಪ್ಪು ಬೇರೆ ಹಾಕಿದ್ದರು. ಪಕ್ಕದ ಕಲ್ಲಿನ ಮೇಲೆ ರೆಕಾರ್ಡರು ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿತ್ತು. ಒಳಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಬನ್ನಿ ಅಳಿಯಂದ್ರೆ" ಎಂದರು ಮಾವ, ಮುಖವನ್ನೆಲ್ಲ ಅರಳಿಸಿಕೊಂಡು. "ಗಾಡಿ ತೊಳುದ್ದಾಯ್ತು, ಮಿಸೀನಾಯ್ತು. ನಿಮ್ಮೆಜಮಾನ್ರ ಆಯ್ದ ಯಾವ್ದವ್ವ ಅಂತ ಮಗಳ ಕೇಳ್ದೆ, ಇದೇ ಅಂದ್ಲು. ಅಬ್ಬಬ್ಬ, ಏನ್ ಕೊಳೆ ಅಂತೀರಿ! ಆ ಪಟ್ಟಿ ಪೂರಾ ಕಂದುಗಟ್ಟೋಗಿತ್ತು. ಬಿಸ್ನೀರಲ್ಲಿ ನೆನಾಕಿ, ಸೀಗೆಪುಡಿ ಆಕಿ ತಿಕ್ಕುದ್ಮ್ಯಾಲೆ ನೋಡಿ, ಗಾಜಿನಂಗಾಗದೆ. ಅಲ್ಲಲ್ಲಿ ಒಸಿ ಉಳ್ಕಂಡದೆ, ನಾಳಿಕ್ಕೆ ಇನ್ನೊಂದ್ಸಲ ತಿಕ್ಬುಡ್ತೀನಿ."

ಆ ಕೊಳೆಯೇ ಚೆಲುವಯ್ಯ. ಟೇಪಿನ ಮೇಲೆ ಬಳಿದ ಆ ಕಂದು ಪುಡಿಯಲ್ಲೇ ಧ್ವನಿ ಇರುವುದು ಎಂದು ನಾನು ಯಾರಿಗೆ ಹೇಳಲಿ? ಹೊಸಹೊಳಲಿನ ಆ ಸಂಜೆ ಪೂರ್ತಿ ಸೀಗೆಪುಡಿಯ ನೊರೆಯಾಗಿ ಬಚ್ಚಲ ಮೋರಿಯಲ್ಲಿ ಹರಿದು ಪಕ್ಕದ ಮನೆಯ ಬಾಳೆ ಬುಡ ಸೇರಿತ್ತು. ಬಾಯಿ ತೆರೆಯುವ ಮೊದಲೇ ಜಯ ನನ್ನನ್ನು ಅಡುಗೆಮನೆಗೆ ಎಳೆದಳು. "ಬೆಳಗಿಂದ ಸೊಂಟ ಬಗ್ಸಿ ತೊಳುದವ್ರೆ ನಮ್ಮಪ್ಪ. ಮರ್ಯಾದೆ ಕೊಡ್ಲಿಲ್ಲ ಅಂತ ನೀವು ಕೂಗಾಡಿದ್ದು ಮನಸಿಗಾಕ್ಕಂಡವ್ರೆ. ಒಂದು ಮಾತಾಡುದ್ರೋ, ನೋಡಿ ಆಮೇಲೆ" ಎಂದಳು. ಮಾವ ರೆಕಾರ್ಡರನ್ನು ಒಳಗೆ ತಂದು ಮಣೆಯ ಮೇಲೆ ಇಟ್ಟರು. ಸ್ಪೀಕರಿನ ಜಾಲರಿಗೆ ವಿಭೂತಿ ಬಳಿದು, ಟೇಪಿನ ಹೆಡ್ಡಿಗೆ ಕುಂಕುಮವಿಟ್ಟು, ಎರಡು ಚಕ್ರಕ್ಕೂ ಚೆಂಡುಹೂವು ಸಿಕ್ಕಿಸಿದರು. ಮಂಗಳಾರತಿ ತಟ್ಟೆ ನನ್ನ ಕೈಗೇ ಕೊಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡೇ ಆರತಿ ಎತ್ತಿದೆ. ಅಳಿಯಂದಿರಿಗೆ ಎಷ್ಟು ಭಕ್ತಿ ಎಂದು ಮಾವ ಮಗಳಿಗೆ ಸನ್ನೆ ಮಾಡಿ ತೋರಿಸಿದರು. ಪ್ರೀತಿಯಿಂದ ಹಾಳು ಮಾಡಿದವರ ಮೇಲೆ ರೇಗುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಬೈಗುಳವೂ ಇಲ್ಲ. ಇರುವುದನ್ನೆಲ್ಲ ದ್ವೇಷದವರಿಗೇ ಖರ್ಚು ಮಾಡಿಬಿಟ್ಟಿದ್ದೇವೆ.

ಭಾನುವಾರ ಶಿವಣ್ಣ, ಬಾಬು ಬಂದರು. ಸುದ್ದಿ ಹೇಳಿದೆ. ಬಾಬು "ಯಾ ಅಲ್ಲಾ, ಅಬ್ಬಾಜಾನ್ ಇಳಿಸಿದ್ದು" ಎಂದವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. ಶಿವಣ್ಣ ಮಾತ್ರ ಒಂದೇ ಸಮನೆ ಮಿಸುಕಾಡುತ್ತಿದ್ದ. ಕೊನೆಗೆ ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದು, "ಬೈಬ್ಯಾಡ ಕಣ್ಲಾ. ನೀನು ಕೊಡಾಕಿಲ್ಲ ಅಂತ, ಓದ್ಸಲ ಬಂದಾಗ ಚೀಲ್ದೊಳಗೇ ಸೆಟ್ಟಿನ ಬಟನ್ ಒತ್ಬುಟ್ಟಿದ್ದೆ" ಎಂದ. ಬೇರೆ ದಿನವಾಗಿದ್ದರೆ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದೆ. ಅಂದು ಕಳ್ಳನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಕ್ಯಾಸೆಟ್ಟು ಹಾಕಿದೆವು. ಗೊಬ್ಬರದ ಚೀಲ ಪರಪರ ಎಂದಿತು. ದೂರದಲ್ಲಿ ಚೆಲುವಯ್ಯ ಉಸಿರು ತೆಗೆದುಕೊಂಡ. ಆಗ ಶುರುವಾಯಿತು, ಕ್ಲಾರಿನೆಟ್ಟಿನ ಮೇಲೆ ಕಾಲು ಚಾಚಿಕೊಂಡು ಕೂತ ಒಂದು ಗಡಸು ಗಂಟಲು: "ಈಗ ನೋಡಿ, ಈಗ ಮೇಲಕ್ಕೆ ಹೋಗುತ್ತಾನೆ... ಆಹಾ, ಬಂತೇ?... ಇಂಥದ್ದು ಇಡೀ ಜಿಲ್ಲೆಯಲ್ಲಿ ನನ್ನ ಹತ್ತಿರ ಬಿಟ್ಟರೆ ಇಲ್ಲ... ಶ್, ಮಾತಾಡಬೇಡಿ, ಕೇಳಿ... ಇಲ್ಲಿ ಒಂದು ಗಮಕ ಇದೆ, ಹೇಳುತ್ತೇನೆ ಇರಿ..." ಬಸ್ಸು ಬಂತು ಎಂದು ಕೂಗುವವರೆಗೂ ಆ ಗಂಟಲು ಒಮ್ಮೆಯೂ ಬಾಯಿ ಮುಚ್ಚಲಿಲ್ಲ. ಸಂದಿಯಲ್ಲಿ ಚೆಲುವಯ್ಯ ಎರಡು ಸ್ವರ ತೂರಿಸುತ್ತಿದ್ದ, ಅಷ್ಟರಲ್ಲಿ ನಾನು ಮತ್ತೆ ಶುರು ಮಾಡುತ್ತಿದ್ದೆ. ಬಾಬುವೂ ಶಿವಣ್ಣನೂ ನೆಲ ನೋಡುತ್ತಾ ಕೂತಿದ್ದರು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಮಾವ ಒಳಗೆ ಬಂದರು. "ಏನ್ ಸೊಗಸಾಗಿ ಮಾತಾಡಿದ್ದೀರಿ ಅಳಿಯಂದ್ರೆ, ರೇಡಿಯೋದೋರ್ ಮಾತಾಡ್ದಂಗದೆ. ಇಂದ್ಗಡೆ ಅದ್ಯಾರೋ ಪೀಪಿ ಊದ್ಕಂಡು ಸರ್ಯಾಗಿ ಕೇಳ್ದಂಗೆ ಮಾಡ್ಬುಟ್ಟವ್ನೆ" ಎಂದರು. ಊರಿಗೆ ಹೊರಡುವಾಗ ಅದರದೊಂದು ಕಾಪಿ ಬೇಕು ಎಂದು ಕೇಳಿದರು.

ಕೊಟ್ಟೆ.