ವಿಡಿಯೊ ಗೇಮಿನ ಮೋಹನ ರಾಗ

ಯಾವ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದರೆ ನಿಜ ಹೇಳುವವರು ಬಹಳ ಕಡಿಮೆ. ನಾನು ಹೆಣ್ಣು ನೋಡಲು ಹೋಗಿದ್ದಾಗ ನನ್ನ ಭಾವೀ ಮಾವ ಈ ಪ್ರಶ್ನೆ ಕೇಳಿದ್ದರು. ನಾನು ಒಂದಿಷ್ಟೂ ಅಳುಕದೆ ಶಾಸ್ತ್ರೀಯ ಎಂದಿದ್ದೆ. ಹಿಂದೂಸ್ತಾನಿಯೋ ಕರ್ನಾಟಕವೋ ಎಂದು ಅವರು ಮುಂದುವರಿಸಿದಾಗ ಎರಡೂ ಎಂದುಬಿಟ್ಟು, ಮೂರನೆಯ ಪ್ರಶ್ನೆ ಬರುವ ಮೊದಲೇ ಉಪ್ಪಿಟ್ಟಿನ ತಟ್ಟೆಗೆ ತಲೆ ಬಗ್ಗಿಸಿದ್ದೆ. ಮದುವೆಯಾಯಿತು, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಳು. ಇನ್ನು ಯಾರೂ ಹೆಣ್ಣು ವಾಪಸು ಕೇಳಲಾರರು ಎಂಬ ಧೈರ್ಯದಿಂದ ಈಗ ಹೇಳಿಬಿಡುತ್ತೇನೆ. ನನ್ನ ಪ್ರಾಣವಾದ ಸಂಗೀತ ಹಳೆಯ ಕಾಲದ ವಿಡಿಯೊ ಗೇಮುಗಳದ್ದು. ಟಿವಿಗೆ ವಯರು ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೆಬ್ಬೆರಳು ಬೊಕ್ಕೆ ಬರುವ ತನಕ ಗುಂಡಿ ಒತ್ತುತ್ತಿದ್ದೆವಲ್ಲ, ಆ ಆಟಗಳ ಹಿಂದೆ ಕುಂಯ್ ಕುಂಯ್ ಎನ್ನುತ್ತಿದ್ದ ಸಂಗೀತ.

ಅದೂ ಒಂದು ಸಂಗೀತವೇ ಎಂದು ನನ್ನ ಹೆಂಡತಿ ಮಲ್ಲಿಕಾ ಕೇಳುತ್ತಾಳೆ. ಅವಳ ಪ್ರಕಾರ ಅದು ಕುಕ್ಕರಿನ ಸೀಟಿಗೆ ಸ್ವರಜ್ಞಾನ ಬಂದಂತೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ಕಾಲದ ಯಂತ್ರಕ್ಕೆ ಇದ್ದದ್ದು ಮೂರೋ ನಾಲ್ಕೋ ಬಗೆಯ ದನಿ. ಅಷ್ಟರಲ್ಲೇ ಒಬ್ಬ ಮನುಷ್ಯ ಯುದ್ಧ, ಓಟ, ಭಯ, ಗೆಲುವು ಎಲ್ಲವನ್ನೂ ಕೇಳಿಸಬೇಕಿತ್ತು. ಟ್ಯಾಂಕಿನ ಆಟ ಸುರುವಾಗುವ ಮೊದಲು ಬರುತ್ತಿದ್ದ ಪುಟ್ಟ ತುತ್ತೂರಿ ಈಗ ಕೇಳಿದರೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಾರು ರೇಸಿನ ಆಟದಲ್ಲಿ ಪೆಟ್ರೋಲು ಮುಗಿಯುವಾಗ ಬರುತ್ತಿದ್ದ ಇಳಿದನಿ ಕೇಳಿದರೆ ಇಂದಿಗೂ ಕಣ್ಣು ಪೆಟ್ರೋಲ್ ಪಂಪು ಹುಡುಕುತ್ತದೆ. ಎಲ್ಲಕ್ಕಿಂತ ಹೆಚ್ಚು ಪ್ರೀತಿ ಮೂಟೆ ಆಟದ ಮೇಲೆ. ಅದರ ನಿಜವಾದ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಕುಳ್ಳ ಮನುಷ್ಯ ತಲೆಯ ಮೇಲೆ ಮೂಟೆ ಹೊತ್ತು ಒಂದು ಸೇತುವೆಯಿಂದ ಇನ್ನೊಂದಕ್ಕೆ ಹಾರುತ್ತಾನೆ, ಕೆಳಗೆ ಹೊಳೆಯಿಂದ ಮೀನುಗಳು ಎಗರಿ ಅವನ ಕಾಲಿಗೆ ಬಾಯಿ ಹಾಕುತ್ತವೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಉಲ್ಹಾಸನಗರದ ಪೇಟೆಯಿಂದ ಆ ಯಂತ್ರ ತಂದಿದ್ದರು. ಅದರ ಮೇಲಿದ್ದ ಕಂಪನಿಯ ಹೆಸರು ಒಂದು ಕಡೆ ಒಂದು ತರಹ, ಇನ್ನೊಂದು ಕಡೆ ಇನ್ನೊಂದು ತರಹ ಇತ್ತು. ಸಂಗೀತ ಮಾತ್ರ ಅಸಲಿ. ಶಾಲೆಯಿಂದ ಬಂದವನು ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಅದನ್ನು ಕೇಳುತ್ತ ನಾಲ್ಕು ವರ್ಷ ಕಳೆದೆ. ನನಗೆ ಸಂತೋಷ ಎಂದರೆ ಏನು ಎಂದು ಮೊದಲು ಗೊತ್ತಾದದ್ದು ಆಗಲೇ ಎನ್ನಲು ನನಗೇನೂ ನಾಚಿಕೆಯಿಲ್ಲ.

ನಾಚಿಕೆಯಾದದ್ದು ಹೋದ ವರ್ಷ. ಅದಕ್ಕೆ ಕಾರಣ ನಮ್ಮ ಭಜನಾ ಮಂಡಳಿ. ಡೊಂಬಿವಲಿಯಲ್ಲಿರುವ ನಾವು ಕರಾವಳಿ ಕಡೆಯ ಇಪ್ಪತ್ತು ಮೂವತ್ತು ಮನೆಯವರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಶನಿವಾರ ಸಂಜೆ ಭಜನೆ ಮಾಡುತ್ತೇವೆ. ನಾನು ಹಾರ್ಮೋನಿಯಂ ಬಾರಿಸುತ್ತೇನೆ. ಬಾರಿಸುತ್ತೇನೆ ಎನ್ನುವುದಕ್ಕಿಂತ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ವಾಪಸು ಒಯ್ಯುತ್ತೇನೆ, ನಡುವೆ ಸ್ವಲ್ಪ ಹೊತ್ತು ಒತ್ತುತ್ತೇನೆ ಎಂದರೆ ಸರಿಯಾದೀತು. ತಬಲಕ್ಕೆ ಕಲ್ಯಾಣದಿಂದ ನನ್ನದೇ ಪ್ರಾಯದ ಪ್ರಕಾಶ ಬರುತ್ತಾನೆ. ಮಂಡಳಿಯ ಅಧ್ಯಕ್ಷೆ ಶಾಂತಕ್ಕ, ಎಪ್ಪತ್ತು ದಾಟಿದವರು. ನಾನು ಹಾರ್ಮೋನಿಯಂ ಕಲಿತದ್ದು ಅವರ ಹತ್ತಿರವೇ. ಈಚೆಗೆ ಊರಿನಲ್ಲಿ ಕುಣಿತ ಭಜನೆಯ ತಂಡಗಳು ಮನೆಗೊಂದಾದ ಮೇಲೆ ಶಾಂತಕ್ಕನಿಗೂ ಹುಮ್ಮಸ್ಸು ಬಂದು, ಹನ್ನೆರಡು ಹೆಂಗಸರಿಗೆ ಒಂದೇ ಬಣ್ಣದ ಸೀರೆ ಉಡಿಸಿ, ಕೈಗೆ ತಾಳ ಕೊಟ್ಟು ದೀಪದ ಸುತ್ತ ಕುಣಿಸಲು ಸುರುಮಾಡಿದರು. ಕಾಮೋಠೆಯಲ್ಲಿ ಕುಣಿತ ಭಜನೆಯ ಸ್ಪರ್ಧೆ ಇದೆ, ಪದ್ಯವೂ ಧಾಟಿಯೂ ಹೊಸದಿರಬೇಕು ಎಂದು ಗೊತ್ತಾದಾಗ ಅವರು ಬೆಣ್ಣೆ ಕದಿಯುವ ಕೃಷ್ಣನ ಮೇಲೆ ಒಂದು ಪದ್ಯ ಬರೆದು, ಧಾಟಿ ಹಾಕುವ ಕೆಲಸವನ್ನು ನನಗೆ ಒಪ್ಪಿಸಿದರು.

ನಾನು ಜನ್ಮದಲ್ಲಿ ಒಂದು ಧಾಟಿ ಹಾಕಿದವನಲ್ಲ. ತುರ್ಭೆಯ ಒಂದು ಶೀತಲಗೃಹದ ಆಫೀಸಿನಲ್ಲಿ ಯಾವ ಕೋಣೆಯಲ್ಲಿ ಯಾರ ಸೇಬು ಇದೆ ಎಂದು ನೋಡಿಕೊಳ್ಳುವುದು ನನ್ನ ಉದ್ಯೋಗ. ಎರಡು ವಾರ ಹಾರ್ಮೋನಿಯಂ ಮುಂದೆ ಕೂತರೂ ಬಂದದ್ದೆಲ್ಲ ಯಾರೋ ಮೊದಲೇ ಹಾಡಿದ್ದೇ. ಕೊನೆಗೆ ಒಂದು ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲಿನಲ್ಲಿ, ಒಬ್ಬರ ಮೊಣಕೈ ನನ್ನ ಪಕ್ಕೆಯಲ್ಲೂ ಇನ್ನೊಬ್ಬರ ಚೀಲ ನನ್ನ ಕುತ್ತಿಗೆಯಲ್ಲೂ ಇದ್ದಾಗ, ಪದ್ಯದ ಮೊದಲ ಸಾಲು ತಾನಾಗಿ ಒಂದು ಧಾಟಿಯಲ್ಲಿ ಬಾಯಿಗೆ ಬಂತು. ಮುಂಬ್ರಾ ದಾಟುವಾಗ ಎರಡನೆಯ ಸಾಲು. ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯುವ ಹೊತ್ತಿಗೆ ಇಡೀ ಪದ್ಯ ಸಿದ್ಧ. ಪಕ್ಕದಲ್ಲಿ ನಿಂತವನೊಬ್ಬ ಮರಾಠಿಯಲ್ಲಿ ಕಾಕಾ ಸ್ವಲ್ಪ ಮೆಲ್ಲಗೆ ಎಂದ. ದೇವರು ನನ್ನ ಮೇಲೆ ಕಣ್ಣು ಬಿಟ್ಟ ಎಂದೇ ನಾನು ತಿಳಿದೆ, ಕಣ್ಣು ಒದ್ದೆಯೂ ಆಯಿತು.

ಧಾಟಿ ಎಲ್ಲರಿಗೂ ಹಿಡಿಸಿತು. ಹೆಂಗಸರ ಕಾಲು ತಾನಾಗಿ ಏಳುತ್ತಿತ್ತು. ಕೊನೆಯ ಸುತ್ತಿನಲ್ಲಿ ಲಯ ಒಮ್ಮೆಲೇ ಇಮ್ಮಡಿಯಾಗಬೇಕು ಎಂದೂ ನನಗೇ ಹೊಳೆಯಿತು. ಕಾಮೋಠೆಯಲ್ಲಿ ನಮಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಮೈಕಿನಲ್ಲಿ ಮೋಹನ ರಾಗವನ್ನು ಇಷ್ಟು ಮುಗ್ಧವಾಗಿ ಬಳಸಿದ್ದನ್ನು ಕೇಳಿಯೇ ಇಲ್ಲ ಎಂದರು. ನಮ್ಮ ಮಂಡಳಿಯ ಕಾರ್ಯದರ್ಶಿ ಜೋಶಿ ಮಾಸ್ತರರೊಬ್ಬರೇ ಧಾರವಾಡದವರು, ಹಿಂದೂಸ್ತಾನಿಯ ಕಟ್ಟಾಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದು ಮೋಹನವಲ್ಲ, ಭೂಪ ಎಂದು ವಾದಿಸಿದರು. ಎರಡಕ್ಕೂ ಸ್ವರಗಳು ಅವೇ ಐದು ಎಂದು ಶಾಂತಕ್ಕ ಹೇಳಿದರೂ ಬಿಡಲಿಲ್ಲ. ನೀವು ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಾಕಿದಿರಿ ಎಂದು ನನ್ನನ್ನೇ ಕೇಳಿದರು. ಮಾವನ ಮುಂದೆ ಹೇಳಿದ್ದನ್ನೇ ಹೇಳಿದೆ, ಎರಡೂ ಎಂದು.

ನಾಲ್ಕು ದಿನ ಕಳೆದು ಮಗಳು ಶ್ರಾವ್ಯ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಪಪ್ಪಾ, ಹೇ ತರ್ ತುಮ್ಚ ಭಜನ್ ಆಹೆ" ಎಂದು, ಇದು ನಿಮ್ಮದೇ ಭಜನೆಯಲ್ಲವಾ ಎನ್ನುವಂತೆ ಪರದೆಯನ್ನು ನನ್ನ ಮೂಗಿಗೆ ಹಿಡಿದಳು. ಪರದೆಯ ಮೇಲೆ ಕುಳ್ಳ ಮನುಷ್ಯ ಮೂಟೆ ಹೊತ್ತು ಹಾರುತ್ತಿದ್ದ. ಹಿಂದೆ ನನ್ನ ಮೋಹನ ರಾಗ. ಆಟದ ಹೊತ್ತು ಮುಗಿಯುತ್ತ ಬಂದಾಗ ಲಯ ಇಮ್ಮಡಿಯಾಗುವುದೂ ಅದರಲ್ಲೇ ಇತ್ತು. ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳು, ಗೊತ್ತಿತ್ತು ಎಂದರೂ ಸುಳ್ಳು. ಹಳೆಯ ಗೆಳೆಯ ಎದುರು ಬಂದರೂ ಹೆಸರು ನೆನಪಾಗುವುದಿಲ್ಲವಲ್ಲ, ಹಾಗೆ. ಪ್ರಕಾಶನಿಗೆ ಫೋನು ಮಾಡಿದೆ. ಅವನು ಬಿದ್ದು ಬಿದ್ದು ನಕ್ಕ. ಮೊದಲ ದಿನವೇ ಗೊತ್ತಾಗಿತ್ತಂತೆ. ತಬಲ ಬಾರಿಸುವಾಗ ಬಲಗೈ ಹೆಬ್ಬೆರಳು ಗುಂಡಿ ಹುಡುಕುತ್ತಿತ್ತಂತೆ. ಬೆಣ್ಣೆ ಕಳ್ಳನ ಪದ್ಯಕ್ಕೆ ಕದ್ದ ಧಾಟಿಯೇ ಸರಿ, ಸುಮ್ಮನಿರು ಎಂದು ಉಪದೇಶವನ್ನೂ ಮಾಡಿದ.

ಸುಮ್ಮನಿರಲು ಸಾಧ್ಯವಿರಲಿಲ್ಲ. ಮುಂದಿನ ತಿಂಗಳು ಮಂಡಳಿಯ ವಾರ್ಷಿಕೋತ್ಸವ, ಅಲ್ಲಿ ನನಗೆ ಶಾಲು ಹೊದಿಸುವುದೆಂದು ಶಾಂತಕ್ಕ ಎಲ್ಲರಿಗೂ ಹೇಳಿಯಾಗಿತ್ತು. ಅಂದು ಬಿಡುಗಡೆಯಾಗುವ ಭಜನೆ ಪುಸ್ತಕದಲ್ಲಿ ಪದ್ಯದ ಕೆಳಗೆ ಧಾಟಿ ಎಂದು ನನ್ನ ಹೆಸರು ಅಚ್ಚಾಗುವುದಿತ್ತು. ನಲವತ್ತೈದು ವರ್ಷದ ಬದುಕಿನಲ್ಲಿ ನನಗೆ ಶಾಲು ಹೊದಿಸಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಆ ಶಾಲು ನನಗೆ ಬೇಕಿತ್ತು. ಆದರೆ ಆ ಧಾಟಿಯನ್ನು ಮಾಡಿದವನು ಎಲ್ಲೋ ಒಬ್ಬ ಇದ್ದಾನಲ್ಲ, ಅವನಿಗೆ ಒಂದು ಟವೆಲನ್ನಾದರೂ ಯಾರಾದರೂ ಹೊದಿಸಿದ್ದರೋ ಇಲ್ಲವೋ. ಆಟದ ಕೊನೆಯ ತನಕ ಗೆದ್ದವರಿಗೆ ಮಾತ್ರ ಅವನ ಹೆಸರು ಕಾಣುತ್ತದೆ ಎಂದು ಪ್ರಕಾಶ ಹೇಳಿದ. ಅವನಿಗೂ ಓದಿದ ನೆನಪಿಲ್ಲ. ಅದಕ್ಕಿಂತ ಹೆಚ್ಚಾಗಿ, ಸರಿಗಮ ಹೇಳಿಕೊಟ್ಟ ಶಾಂತಕ್ಕನ ಕೈಯಿಂದ ಸುಳ್ಳು ಶಾಲು ಹೊದ್ದುಕೊಂಡರೆ ಮತ್ತೆ ಅವರ ಎದುರು ಹಾರ್ಮೋನಿಯಂ ಮುಟ್ಟುವುದು ಹೇಗೆ?

ಒಂದು ದಿನ ಧೈರ್ಯ ಮಾಡಿ ಅವರ ಮನೆಗೆ ಹೋಗಿ, ಆ ಧಾಟಿ ನನ್ನದಲ್ಲ ಎಂದೆ. ಶಾಂತಕ್ಕ ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. "ಯಾವ ಧಾಟಿಯೂ ನಮ್ಮದಲ್ಲ ಮಾರಾಯ. ಎಲ್ಲ ಅವನು ಕೊಟ್ಟದ್ದು" ಎಂದು ಮೇಲೆ ಕೈ ತೋರಿಸಿ, ಒಳಗೆ ಕಾಫಿ ಮಾಡಲು ಹೋದರು. ಜೋಶಿ ಮಾಸ್ತರರಿಗೆ ಹೇಳಿದರೆ, ಇಷ್ಟು ವಿನಯ ಇರುವವರು ಈಗ ಸಿಗುವುದಿಲ್ಲ ಎಂದು ಅಭಿನಂದನ ಪತ್ರದಲ್ಲಿ ವಿನಯದ ಬಗ್ಗೆಯೇ ಎರಡು ಸಾಲು ಸೇರಿಸಿದರು. ಬಾಯಿಮಾತಿನಿಂದ ಆಗುವ ಕೆಲಸ ಇದಲ್ಲ ಎಂದು ಗೊತ್ತಾಯಿತು. ಮುಂದಿನ ಶನಿವಾರದ ಭಜನೆ ನಮ್ಮ ಮನೆಯಲ್ಲೇ ಇತ್ತು. ಪ್ರಕಾಶನ ಅಟ್ಟದ ಮೇಲೆ ಹಳೆಯ ಯಂತ್ರ ಇನ್ನೂ ಉಳಿದಿತ್ತು, ನನ್ನದು ಎಂದೋ ಗುಜರಿಗೆ ಹೋಗಿತ್ತು. ಅವನು ಅದನ್ನು ತಬಲದ ಚೀಲದಲ್ಲಿ ಹಾಕಿಕೊಂಡು ತಂದ.

ಮಂಗಳಾರತಿಯಾಗಿ ಅವಲಕ್ಕಿ ಪ್ರಸಾದ ಹಂಚಿದ ಮೇಲೆ ನಾನು ಎದ್ದು ನಿಂತೆ. ಒಂದು ವಿಷಯ ತೋರಿಸುವುದಿದೆ ಎಂದು ಟಿವಿಗೆ ವಯರು ಸಿಕ್ಕಿಸಿದೆ. ಕುಳ್ಳ ಮನುಷ್ಯ ಮೂಟೆಯ ಸಮೇತ ಕಾಣಿಸಿಕೊಂಡ, ಧಾಟಿ ಸುರುವಾಯಿತು. ಶಾಂತಕ್ಕ ಕನ್ನಡಕ ಸರಿಮಾಡಿಕೊಂಡು ಟಿವಿಯ ಹತ್ತಿರ ಹೋದರು.

"ಇವರಿಗೆ ನಮ್ಮ ಭಜನೆ ಎಲ್ಲಿ ಸಿಕ್ಕಿತು?" ಎಂದರು.

ನಾನು ಗಾಬರಿಯಾಗಿ, ಅದು ಹಾಗಲ್ಲ, ಈ ಆಟ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ ಎಂದು ವಿವರಿಸಿದೆ. ಶಾಂತಕ್ಕ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಐದನೇ ಕ್ಲಾಸಿನಲ್ಲಿ ಹಾಕಿದ ರಾಗವಾ ಇದು? ಮತ್ತೆ ಇಷ್ಟು ವರ್ಷ ಬಾಯಿ ಮುಚ್ಚಿ ಕೂತದ್ದು ಎಂತಕ್ಕೆ?"

ಮುಂದಿನದ್ದು ನನ್ನ ಕೈಯಲ್ಲಿ ಇರಲಿಲ್ಲ. ಜೋಶಿ ಮಾಸ್ತರರು ನೋಟೀಸು ಕೊಡಬೇಕು ಎಂದರು. "ಸಣ್ಣ ಹುಡುಗನ ಚೀಜ ಎತ್ತಿಹಾಕ್ಯಾರಲ್ರೀ. ಆದ್ರ ಭೂಪ ಮಾತ್ರ ಕೆಡಿಸಿಲ್ಲ ನೋಡ್ರಿ" ಎಂದು ಕಂಪನಿಯವರನ್ನು ಸ್ವಲ್ಪ ಮೆಚ್ಚಿಕೊಂಡರು ಕೂಡ. ಪ್ರಕಾಶ ತಬಲದ ಹಿಂದೆ ಮುಖ ಮುಚ್ಚಿಕೊಂಡಿದ್ದ. ಮಲ್ಲಿಕಾ, ಕುಕ್ಕರಿನ ಸೀಟಿಯ ಮಾತಾಡಿದ ಅದೇ ಮಲ್ಲಿಕಾ, ನಮ್ಮವರು ಸಣ್ಣದರಿಂದಲೇ ಹಾಗೆ, ಏನೂ ಹೇಳಿಕೊಳ್ಳುವವರಲ್ಲ ಎನ್ನುತ್ತಿದ್ದಳು. ಅಷ್ಟರಲ್ಲಿ ಧಾಟಿ ಕಿವಿಗೆ ಬಿದ್ದದ್ದೇ ತಡ ಹನ್ನೆರಡು ಹೆಂಗಸರು ಎದ್ದು, ಸೋಫಾ ಬದಿಗೆ ಸರಿಸಿ ಕುಣಿಯಲು ಸುರುಮಾಡಿದ್ದರು. ಗುಂಡಿ ಒತ್ತುವವರಿಲ್ಲದೆ ಕುಳ್ಳ ಮನುಷ್ಯ ಸೇತುವೆಯ ಮೇಲೆ ಸುಮ್ಮನೆ ನಿಂತಿದ್ದ. ಹೊತ್ತು ಮೀರುತ್ತ ಬಂದು ಲಯ ಇಮ್ಮಡಿಯಾಯಿತು, ಅವರ ಹೆಜ್ಜೆಯೂ ಇಮ್ಮಡಿಯಾಯಿತು, ಒಂದು ಮೀನು ಎಗರಿ ಅವನನ್ನು ನುಂಗಿತು, ಧಾಟಿ ಥಟ್ಟನೆ ನಿಂತು ಹನ್ನೆರಡು ಕಾಲು ಗಾಳಿಯಲ್ಲಿ ಉಳಿದವು. ಮತ್ತೆ ಮೊದಲಿನಿಂದ. ಮುಗಿಯದೆ ಮತ್ತೆ ಮತ್ತೆ ಬಂದರೂ ಬೇಸರ ತರಿಸಬಾರದು ಎನ್ನುವುದೇ ಭಜನೆಯ ಧಾಟಿಗೂ ಆಟದ ಧಾಟಿಗೂ ಇರುವ ಕಟ್ಟಳೆ ಎಂದು ಅಂದು ನನಗೆ ಅರ್ಥವಾಯಿತು. ನಾನು ಮೂವತ್ತೈದು ವರ್ಷ ಒಬ್ಬನೇ ಗುಟ್ಟಾಗಿ ಪ್ರೀತಿಸಿದ್ದನ್ನು ನನ್ನವರೆಲ್ಲ ಭಕ್ತಿಯಿಂದ ಕೇಳುತ್ತಿದ್ದರು. ಸತ್ಯ ಹೇಳುವ ಕೆಲಸವನ್ನು ಅಲ್ಲಿಗೆ ಬಿಟ್ಟೆ.

ಶಾಲು ಹೊದಿಸಿದರು. ಹೊದ್ದುಕೊಂಡೆ. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬಾಲಪ್ರತಿಭೆ ಎಂಬ ಪದವೂ ಸೇರಿಕೊಂಡಿತು. ಈಗ ಶಾಂತಕ್ಕ ಈ ವರ್ಷದ ಸ್ಪರ್ಧೆಗೆ ಇನ್ನೊಂದು ಪದ್ಯ ಬರೆದು ಕೊಟ್ಟಿದ್ದಾರೆ. ಹಾಗಾಗಿ ಪ್ರಕಾಶನ ಯಂತ್ರ ನಮ್ಮ ಮನೆಯಲ್ಲೇ ಉಳಿದಿದೆ. ಮೂಟೆ ಆಟದ ಎರಡನೆಯ ಹಂತದಲ್ಲಿ ಬೇರೆ ಧಾಟಿ ಬರುತ್ತದಂತೆ, ಮೊದಲನೆಯದಕ್ಕಿಂತ ಚಂದವಂತೆ. ನಾನು ಕೇಳಿಲ್ಲ. ಆ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಮೊದಲ ಹಂತ ದಾಟಿದವನಲ್ಲ ನಾನು. ಮೊದಲಿನದ್ದು ಅಷ್ಟು ಚೆನ್ನಾಗಿ ಬಾಯಿಪಾಠವಾದದ್ದೇ ಅದರಿಂದ. ಆಫೀಸಿನಿಂದ ಬಂದವನು ದಿನವೂ ಒಂದು ಗಂಟೆ ಕೂತು ಮೀನಿನ ಬಾಯಿಗೆ ಬೀಳುತ್ತಿದ್ದೇನೆ. ಎರಡು ನಿಮಿಷದಲ್ಲಿ ಹಂತ ದಾಟಿ ಕೇಳಿಸುತ್ತೇನೆ ಎಂದು ಪ್ರಕಾಶ ಹೇಳುತ್ತಾನೆ. ಮೊಬೈಲಿನಲ್ಲಿ ಈಗಲೇ ಸಿಗುತ್ತದೆ ಎಂದು ಶ್ರಾವ್ಯ ಹೇಳುತ್ತಾಳೆ. ಇಬ್ಬರಿಗೂ ಬೇಡ ಎಂದಿದ್ದೇನೆ. ಬೇರೆಯವರು ಗೆದ್ದು ತಂದ ಧಾಟಿಯನ್ನು ನನ್ನದೆಂದು ಹೇಳಿಕೊಳ್ಳುವಷ್ಟು ಕೆಳಗೆ ನಾನಿನ್ನೂ ಇಳಿದಿಲ್ಲ.